ತಾಲ್ಲೂಕು ಆಸ್ಪತ್ರೆಯಲ್ಲಿ ಕುಳಿತು ಸಂಶೋಧನೆ ಓದುವಾಗ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ವೈದ್ಯನಿಗೆ ಒಂದೇ ಪಾಳಿಯಲ್ಲಿ ಹಾವು ಕಡಿದವರು, ಔಷಧಿ ಕುಡಿದವರು, ಕೆಮ್ಮಿ ಸೊರಗಿದವರು, ಕೈಕಾಲು ನೋವೆಂದು ಅಳುವ ಮಗು ಎಲ್ಲರೂ ಸಿಗುತ್ತಾರೆ. ತಜ್ಞರೆಲ್ಲ ಮೈಸೂರಿನಲ್ಲಿ. ಹೀಗಾಗಿ ಯಾವ ವಿಭಾಗದ ಸಂಶೋಧನೆಯನ್ನೇ ಓದಿದರೂ ನಾನು ಕೇಳಿಕೊಳ್ಳುವುದು ಇಷ್ಟೇ: ಇದರಿಂದ ನಾಳೆ ನನ್ನ ವಾರ್ಡಿನಲ್ಲಿ ಏನು ಬದಲಾಗುತ್ತದೆ?

1. ಹಾವು ಕಡಿತಕ್ಕೆ ಮೊದಲು ಬೇಕಾದ್ದು ಹೊಸ ಗಾಜಿನ ಟ್ಯೂಬು. ಕೊಳಕುಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಎರಡು ಎಂ.ಎಲ್. ರಕ್ತವನ್ನು ಒಣಗಿದ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಟ್ಟು, ಒಮ್ಮೆ ಓರೆ ಮಾಡಿ ನೋಡಿ. ನೀರಿನಂತೆ ಹರಿದರೆ ಆಂಟಿವೆನಮ್ ಶುರು ಮಾಡಿ. ಸೋಪಿನಲ್ಲಿ ತೊಳೆದ ಟ್ಯೂಬಾಗಲಿ, ಪ್ಲಾಸ್ಟಿಕ್ಕಿನದಾಗಲಿ ಆಗದು. ಅದರಲ್ಲಿ ಒಳ್ಳೆಯ ರಕ್ತವೂ ಗಟ್ಟಿಯಾಗದೆ ದಾರಿ ತಪ್ಪಿಸುತ್ತದೆ. (ರಾತ್ರಿ ಪಾಳಿಯಲ್ಲಿ ಕೈಗೆ ಸಿಗುವುದು ಪ್ಲಾಸ್ಟಿಕ್ಕಿನದೇ. ಗಾಜಿನವನ್ನು ಆಂಟಿವೆನಮ್ ಫ್ರಿಜ್ಜಿನ ಪಕ್ಕದಲ್ಲೇ ಇಡಿಸಿ.) ಮೊದಲ ಸಲ ಗಟ್ಟಿಯಾಯಿತೆಂದು ಮನೆಗೆ ಕಳಿಸಬೇಡಿ, ಮತ್ತೆ ಮತ್ತೆ ನೋಡಿ. ದೇಶದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತರೆಂದು 2020ರ ಅಧ್ಯಯನವೊಂದು ಅಂದಾಜು ಮಾಡಿತು. ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಕರ್ನಾಟಕ ಇದನ್ನು ಸೇರಿಸಿದ್ದು 2024ರಲ್ಲಿ.

2. ಕಟ್ಟುಹಾವಿನ ಕಡಿತದಲ್ಲಿ ಹಲ್ಲಿನ ಗುರುತು ಹುಡುಕುತ್ತ ಕೂರಬೇಡಿ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆ ಎತ್ತಲಾರದೆ ಇದ್ದರೆ ಸಾಕು.

3. ಕೀಟನಾಶಕ ಹೊಟ್ಟೆಗೆ ಹೋದವರಿಗೆ ಅಟ್ರೋಪಿನ್ ಕೊಡುವಾಗ ಕಣ್ಣಿನ ಪಾಪೆಗಿಂತ ಎದೆಯ ಸದ್ದನ್ನು ನಂಬಿ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, 17 ಮಂದಿ ಸತ್ತರು. ಬೆರೆತದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಈ ವಿಷಕ್ಕೆ ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ. ಆ ಗೊರಗೊರ ನಿಲ್ಲುವವರೆಗೆ ಐದೈದು ನಿಮಿಷಕ್ಕೆ ಡೋಸನ್ನು ದುಪ್ಪಟ್ಟು ಮಾಡುತ್ತ, ಆಮೇಲೆ ಡ್ರಿಪ್ಪಿನಲ್ಲಿ ಮುಂದುವರಿಸುವ ಕ್ರಮವನ್ನು ಬಾಂಗ್ಲಾದೇಶದ ವೈದ್ಯರು ಹಳೆಯ ಕ್ರಮದ ಜೊತೆ ಹೋಲಿಸಿ 2012ರಲ್ಲಿ ಪ್ರಕಟಿಸಿದರು. ಹಳೆಯ ಕ್ರಮದಲ್ಲಿ ಶೇ. 22.5ರಷ್ಟು ಸಾವು, ಹೊಸದರಲ್ಲಿ ಶೇ. 8. ಔಷಧಿ ಅದೇ, ಕೊಡುವ ರೀತಿ ಬೇರೆ. ಬಡ ಆಸ್ಪತ್ರೆಗೆ ಇದಕ್ಕಿಂತ ಉಪಯೋಗದ ಸಂಶೋಧನೆಯನ್ನು ನಾನಂತೂ ಓದಿಲ್ಲ. ಆದರೆ ಸುಳ್ವಾಡಿಯಂತೆ ಅಷ್ಟು ಜನ ಒಟ್ಟಿಗೆ ಬಂದರೆ ಅಟ್ರೋಪಿನ್ ಎಷ್ಟು ಹೊತ್ತು ಬಂದೀತು ಎಂಬುದನ್ನು ಸ್ಟಾಕ್ ಪುಸ್ತಕ ತೆಗೆದು ಮೊದಲೇ ನೋಡಿಟ್ಟುಕೊಳ್ಳಿ.

4. ಕ್ಷಯಕ್ಕೆ ಮಾತ್ರೆಯ ಜೊತೆ ತೂಕದ ಯಂತ್ರವೂ ಬೇಕು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಹೊರಬಂತು. ರೋಗಿಯ ಮನೆಯವರಿಗೆ ತಲಾ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಕೊಟ್ಟಾಗ ಅವರಿಗೆ ಕ್ಷಯ ತಗಲುವುದು ಶೇ. 39ರಷ್ಟು ಇಳಿಯಿತು. ಮೊದಲೆರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವೂ ಕಡಿಮೆ. ಗುಳೆ ಹೋಗಿ ಸೊರಗಿ ಬಂದವರ ಕಾರ್ಡಿನಲ್ಲಿ ನಾನು ಮೊದಲು ಬರೆಯುವುದು ತೂಕ.

5. ಸೋಲಿಗರ ಮಗು ಕೈಕಾಲು ನೋವೆಂದು ಪದೇಪದೇ ಬಂದರೆ ವಾತವೆಂದು ಕಳಿಸಬೇಡಿ, ಸಿಕಲ್ ಸೆಲ್ ಪರೀಕ್ಷೆ ಮಾಡಿಸಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರಕ್ಕೆ ಇದು ಹಳೆಯ ಪರಿಚಯದ ರೋಗ. 2023ರ ಕೊನೆಗೆ ಬ್ರಿಟನ್, ಅಮೆರಿಕಗಳು ಒಪ್ಪಿದ ಜೀನ್ ತಿದ್ದುವ ಚಿಕಿತ್ಸೆಗೆ ಅಮೆರಿಕದಲ್ಲಿ 22 ಲಕ್ಷ ಡಾಲರ್. ಅದು ಸೋಲಿಗರ ಹಾಡಿಗಳಾದ ನಮ್ಮ ಪೋಡುಗಳಿಗೆ ಸದ್ಯಕ್ಕೆ ಬರುವ ಮಾತಲ್ಲ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಅಗ್ಗದ ಮಾತ್ರೆ ಬರಬಲ್ಲದು: ಅದನ್ನು ತೆಗೆದುಕೊಂಡ ಆಫ್ರಿಕಾದ ನಾಲ್ಕು ದೇಶಗಳ ಮಕ್ಕಳಲ್ಲಿ ನೋವು, ರಕ್ತ ಏರಿಸುವ ಸಂದರ್ಭ, ಸಾವು ಮೂರೂ ಇಳಿದದ್ದನ್ನು 2019ರ ಅಧ್ಯಯನ ತೋರಿಸಿತು. 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ 40 ವರ್ಷದೊಳಗಿನವರಿಗೆ ಪರೀಕ್ಷೆ ಉಚಿತ. ಪೋಡಿಗೆ ತಂಡ ಬಂದ ದಿನ ಮಕ್ಕಳನ್ನು ಕರೆತರಲು ಮನೆಯವರಿಗೆ ಹೇಳಿ. ಕೊಟ್ಟ ಕಾರ್ಡನ್ನು ಜೋಪಾನ ಮಾಡಿ, ಆಸ್ಪತ್ರೆಗೆ ಬರುವಾಗ ಮರೆಯದೆ ತರಲು ತಿಳಿಸಿ.