ಹಳೆಯ ಕಾರಿಗೆ ಹೊಸ ಜೀವ: ಯಾವುದನ್ನು ಉಳಿಸಬೇಕು? ಯಾವುದನ್ನು ಬದಲಿಸಬೇಕು?



ಬೆಂಗಳೂರಿನ ನಗರ್ತಪೇಟೆಯ ಓಣಿಗಳಲ್ಲಿ ನೀವು ಓಡಾಡಿರಬಹುದು. ಅಲ್ಲಿ ಎದುರುಬದುರಾಗಿ ಎರಡು ಕಾರುಗಳು ಬಂದರೆ ದಾಟುವುದೇ ಕಷ್ಟ. ಏಕೆ ಗೊತ್ತೇ? ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದಾಗ ಜಗತ್ತಿನಲ್ಲಿ ಎಲ್ಲಿಯೂ ಕಾರು ಇರಲಿಲ್ಲ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಬಂಡಿಗೆ ಪೇಟೆಂಟ್ ಕೇಳಿದ್ದು 1886ರಲ್ಲಿ. ಅಂದರೆ ಸುಮಾರು 350 ವರ್ಷಗಳ ನಂತರ! ಪೇಟೆಯ ಬೀದಿಗಳು ಕಾಲ್ನಡಿಗೆಯವರಿಗೂ ಎತ್ತಿನ ಗಾಡಿಗಳಿಗೂ ಆದ ಬೀದಿಗಳು.

1892ರಲ್ಲಿ ಚಾಮರಾಜಪೇಟೆ, ಆಮೇಲೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬಂದವು. ಅಲ್ಲಿ ಬೀದಿಗಳು ಅಗಲ, ಮನೆಗಳಿಗೆ ಕಾಂಪೌಂಡು. ಕಾರುಗಳು ಬಂದ ಮೇಲೆ ಅನೇಕ ಮನೆಗಳ ಪಕ್ಕದಲ್ಲಿ ಮೋಟಾರು ಷೆಡ್ಡುಗಳೂ ಎದ್ದವು. ಅಂಥ ಷೆಡ್ಡುಗಳಲ್ಲಿ ಟಾರ್ಪಾಲು ಹೊದ್ದು ವರ್ಷಗಟ್ಟಲೆ ನಿಂತ ಅಂಬಾಸಿಡರ್ ಕಾರುಗಳುಂಟು. ಅಜ್ಜ ಓಡಿಸುತ್ತಿದ್ದ ಕಾರನ್ನು ಮೊಮ್ಮಕ್ಕಳು ಮತ್ತೆ ಓಡಿಸಬೇಕೆಂದು ಆಸೆಪಡುತ್ತಾರೆ. ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತುತ್ತಾರೆ. ಸಿಗದ ಭಾಗವನ್ನು ಲೇತಿನವರಲ್ಲಿ ಮಾಡಿಸುತ್ತಾರೆ.

ಅಂಬಾಸಿಡರ್ ಕಾರನ್ನು ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿತ್ತು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಎಂಬ ಕಾರೇ ಅದರ ಮೂಲ. 2014ರಲ್ಲಿ ತಯಾರಿಕೆ ನಿಂತುಹೋಯಿತು. ಹಾಗಾಗಿ ಈಗ ಉಳಿದಿರುವ ಪ್ರತಿಯೊಂದು ಕಾರೂ ನಮಗೆ ಒಂದು ಪಾಠಪುಸ್ತಕವಿದ್ದಂತೆ.

ಮೂರು ಪ್ರಶ್ನೆಗಳು

ಹಳೆಯ ಕಾರನ್ನು ಮೊದಲಿನ ಸ್ಥಿತಿಗೆ ತರುವುದು ಒಂದು ಕೆಲಸ. ಅದರಲ್ಲಿ ಹೊಸ ಭಾಗಗಳನ್ನು ಸೇರಿಸಿ ಮಾರ್ಪಾಡು ಮಾಡುವುದು ಇನ್ನೊಂದು ಕೆಲಸ. ಎರಡಕ್ಕೂ ಕೈಹಾಕುವ ಮುನ್ನ ಒಳ್ಳೆಯ ಮೆಕ್ಯಾನಿಕ್ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ.

1. ಈ ಭಾಗದ ಕೆಲಸ ಏನು?
2. ಇದು ಏಕೆ ಕೆಟ್ಟಿತು?
3. ಇದನ್ನು ಬದಲಿಸಿದರೆ, ಬೇಕೆಂದಾಗ ಮತ್ತೆ ಮೊದಲಿನಂತೆ ಮಾಡಬಹುದೇ?

ಈ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ನಾವೂ ಒಂದು ಅಂಬಾಸಿಡರ್ ಕಾರನ್ನು ಸುತ್ತಿ ಬರೋಣ.

ಬಣ್ಣದ ಕೆಳಗಿನ ಗುಳ್ಳೆ

ಮೊದಲು ಕಾಣುವುದು ತುಕ್ಕು. ಕಬ್ಬಿಣ, ಗಾಳಿಯಲ್ಲಿರುವ ಆಮ್ಲಜನಕ ಮತ್ತು ನೀರು ಸೇರಿದಾಗ ತುಕ್ಕು ಉಂಟಾಗುತ್ತದೆ. ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಕಾಲು ಇಡುವ ಜಾಗದ ಮ್ಯಾಟಿನ ಅಡಿ ಇವೆಲ್ಲ ನೀರು ನಿಲ್ಲುವ ಜಾಗಗಳು. ತುಕ್ಕು ಶುರುವಾಗುವುದೂ ಅಲ್ಲಿಯೇ.

ಅಲ್ಯೂಮಿನಿಯಂ ಪಾತ್ರೆಯ ಮೇಲೂ ಆಕ್ಸೈಡ್ ಪದರ ಬರುತ್ತದೆ. ಆದರೆ ಅದು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಪಾಡುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಕಬ್ಬಿಣ ತುಕ್ಕಾದಾಗ ಅದು ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಬಣ್ಣವನ್ನು ಮೇಲಕ್ಕೆ ತಳ್ಳಿ ಗುಳ್ಳೆ ಎಬ್ಬಿಸುತ್ತದೆ. ಆಮೇಲೆ ಹೊಪ್ಪಳಿಕೆಯಾಗಿ ಉದುರುತ್ತದೆ. ಉದುರಿದ ಕಡೆ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಂಡು ಮತ್ತೆ ತುಕ್ಕಾಗುತ್ತದೆ.

ಕೆಲವರು ತೂತಾದ ತಗಡಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆಯುತ್ತಾರೆ. ಕಾರು ಫಳಫಳ ಹೊಳೆಯುತ್ತದೆ. ಆದರೆ ಇದು ಅಪಾಯ. ಲಾರಿಗೆ ಇರುವಂತೆ ಅಂಬಾಸಿಡರಿಗೆ ಬೇರೆಯಾದ ಉದ್ದನೆಯ ಚೌಕಟ್ಟು ಇಲ್ಲ. ಅದರ ತಗಡಿನ ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ. ಪುಟ್ಟಿಗೆ ಭಾರ ಹೊರುವ ಶಕ್ತಿ ಇಲ್ಲ. ಹಾಗಾಗಿ ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಅದೇ ಅಳತೆಯ ಹೊಸ ತಗಡನ್ನು ಬೆಸುಗೆ ಹಾಕಬೇಕು. ಒಳಗೆ ನೀರು ಹರಿದು ಹೋಗುವ ಸಣ್ಣ ತೂತುಗಳನ್ನು ಮುಚ್ಚಬಾರದು. ಏಕೆ ಕೆಟ್ಟಿತು ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಸಿಗದೆ ಬಣ್ಣ ಹೊಡೆದರೆ ಮುಂದಿನ ಮಳೆಗಾಲದಲ್ಲಿ ಗುಳ್ಳೆ ಮತ್ತೆ ಏಳುತ್ತದೆ.

ಹಿಡಿದುಕೊಂಡ ಎಂಜಿನ್

ಬಹಳ ವರ್ಷ ನಿಂತ ಎಂಜಿನ್ ತಿರುಗುವುದಿಲ್ಲ. ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ಉಂಗುರಗಳಿಗೂ ನಡುವೆ ತುಕ್ಕು ಹಿಡಿದಿರುತ್ತದೆ. ಆಗ ಕಾರನ್ನು ತಳ್ಳಿ, ಎಳೆದು ಬಲವಂತ ಮಾಡಿದರೆ ಉಂಗುರಗಳು ಮುರಿಯುತ್ತವೆ. ತಿಳಿದವರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತಿನಿಂದ ತೆಳುವಾದ ಎಣ್ಣೆ ಬಿಟ್ಟು ಕೆಲವು ದಿನ ಸುಮ್ಮನೆ ಕಾಯುತ್ತಾರೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದನ್ನು ನೀವು ನೋಡಿದ್ದೀರಿ. ಅದೇ ರೀತಿ ಎಣ್ಣೆ ಕೂದಲೆಳೆಯಷ್ಟು ಸಂದಿಯೊಳಗೂ ನುಸುಳುತ್ತದೆ. ಇದಕ್ಕೆ ಲೋಮನಾಳ ಕ್ರಿಯೆ ಎನ್ನುತ್ತಾರೆ. ಆಮೇಲೆ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ಹಿಂದೆ ಮುಂದೆ ಆಡಿಸುತ್ತಾರೆ. ಇಲ್ಲಿ ತಾಳ್ಮೆಯೇ ದೊಡ್ಡ ಹತಾರ.

ಒಂದು ಸೆಕೆಂಡಿಗೆ ನೂರು ಕಿಡಿ

ಬಹುಕಾಲ ಅಂಬಾಸಿಡರಿನಲ್ಲಿದ್ದ ಪೆಟ್ರೋಲ್ ಎಂಜಿನ್ನಿನ ಗಾತ್ರ 1489 ಘನ ಸೆಂಟಿಮೀಟರ್. ನಾಲ್ಕು ಸಿಲಿಂಡರುಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 372. ಪ್ರತಿ ಸಿಲಿಂಡರಿನಲ್ಲೂ ನಾಲ್ಕು ಹಂತಗಳು ನಡೆಯುತ್ತವೆ. ಗಾಳಿ ಮತ್ತು ಪೆಟ್ರೋಲ್ ಆವಿಯನ್ನು ಹೀರುವುದು, ಅದನ್ನು ಅದುಮುವುದು, ಕಿಡಿ ತಾಗಿ ಉರಿದು ಪಿಸ್ಟನ್ನನ್ನು ತಳ್ಳುವುದು, ಹೊಗೆಯನ್ನು ಹೊರಹಾಕುವುದು. ಇಷ್ಟಾಗಲು ಎಂಜಿನ್ನಿನ ದಂಡ ಎರಡು ಸುತ್ತು ತಿರುಗಬೇಕು.

ಈಗ ಒಂದು ಲೆಕ್ಕ ಮಾಡೋಣ. ದಂಡ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಒಂದು ಸಿಲಿಂಡರಿಗೆ ನಿಮಿಷಕ್ಕೆ 1500 ಕಿಡಿ ಬೇಕು. ನಾಲ್ಕು ಸಿಲಿಂಡರಿಗೆ 6000. ಅಂದರೆ ಒಂದು ಸೆಕೆಂಡಿಗೆ 100 ಕಿಡಿ!

ಹಳೆಯ ಕಾರಿನಲ್ಲಿ ಪ್ರತಿ ಕಿಡಿಗೂ 'ಪಾಯಿಂಟ್' ಎಂಬ ಪುಟ್ಟ ಸ್ವಿಚ್ಚು ಒಮ್ಮೆ ತೆರೆದು ಮುಚ್ಚಬೇಕು. ಅದು ತೆರೆದಾಗ ಕಾಯಿಲಿನಲ್ಲಿ ಬ್ಯಾಟರಿಯ 12 ವೋಲ್ಟ್‌ನಿಂದ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಸೆಕೆಂಡಿಗೆ ನೂರು ಸಲ ಬಡಿದುಕೊಂಡರೆ ಯಾವ ಸ್ವಿಚ್ಚಾದರೂ ಸವೆಯುತ್ತದೆ. ಅದಕ್ಕೇ ಹಳೆಯ ಕಾರಿನವರು ಆಗಾಗ ಪಾಯಿಂಟ್ ಉಜ್ಜಿ, ಅದರ ಸಂದಿಯನ್ನು ಸರಿಪಡಿಸುತ್ತಿದ್ದರು. ಇದರ ಬದಲು ಇಂದು ತಾಗದೆಯೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ಚನ್ನು ಡಿಸ್ಟ್ರಿಬ್ಯೂಟರಿನ ಒಳಗೇ ಕೂರಿಸಬಹುದು. ಹಳೆಯ ಪಾಯಿಂಟನ್ನು ಡಬ್ಬಿಯಲ್ಲಿ ಎತ್ತಿಟ್ಟರೆ ಬೇಕಾದಾಗ ಮತ್ತೆ ಹಾಕಬಹುದು. ನಮ್ಮ ಮೂರನೆಯ ಪ್ರಶ್ನೆಯಲ್ಲಿ ಈ ಮಾರ್ಪಾಡು ಪಾಸಾಯಿತು!

ಬದಲಾದ ಪೆಟ್ರೋಲ್

ಕಾರು ಬದಲಾಗದಿದ್ದರೂ ಪೆಟ್ರೋಲ್ ಬದಲಾಗಿದೆ. ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸುತ್ತಿದ್ದರು. ಅದರಿಂದ ಎಂಜಿನ್ ಬಡಿದುಕೊಳ್ಳುವುದು ಕಡಿಮೆಯಾಗುತ್ತಿತ್ತು. ಕವಾಟಗಳು ಕೂರುವ ಜಾಗವೂ ಬೇಗ ಸವೆಯುತ್ತಿರಲಿಲ್ಲ. ಆದರೆ ಹೊಗೆಯ ಜೊತೆ ಸೀಸ ಗಾಳಿಗೆ ಸೇರುತ್ತಿತ್ತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಭಾರತದಲ್ಲಿ 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟ ನಿಂತಿತು. 2021ರ ಹೊತ್ತಿಗೆ ಜಗತ್ತಿನ ಯಾವ ದೇಶದ ಪಂಪಿನಲ್ಲೂ ಕಾರುಗಳಿಗೆ ಅದನ್ನು ಮಾರುತ್ತಿರಲಿಲ್ಲ. ಈಗ ಹಳೆಯ ಎಂಜಿನ್ನಿನಲ್ಲಿ ಕವಾಟದ ಜಾಗ ಸವೆದಿದ್ದರೆ, ಅಲ್ಲಿ ಗಟ್ಟಿ ಉಕ್ಕಿನ ಉಂಗುರ ಕೂರಿಸುತ್ತಾರೆ.

ಇನ್ನೊಂದು ಬದಲಾವಣೆ ಎಥನಾಲ್. ಕಬ್ಬು, ಧಾನ್ಯ ಮುಂತಾದವುಗಳಿಂದ ತಯಾರಾಗುವ ಎಥನಾಲನ್ನು ಈಗ ಪೆಟ್ರೋಲಿಗೆ ಶೇಕಡಾ 20ರವರೆಗೆ ಬೆರೆಸುತ್ತಾರೆ. ಎಥನಾಲ್ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆ, ವಾಷರುಗಳು ಇದರಿಂದ ಉಬ್ಬಿ ಬಿರುಕು ಬಿಡಬಹುದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾದೀತು, ಯೋಚಿಸಿ! ಆದ್ದರಿಂದ ಎಥನಾಲನ್ನು ತಡೆಯುವ ಹೊಸ ಕೊಳವೆಗಳನ್ನು ಹಾಕಲೇಬೇಕು. ಇಲ್ಲಿ ಹಳೆಯದೇ ಇರಲಿ ಎಂಬ ಹಟ ಸಲ್ಲದು.

ಬ್ರೇಕ್: ಜೀವದ ಪ್ರಶ್ನೆ

ಅಂಬಾಸಿಡರಿನ ಬ್ರೇಕ್ ದ್ರವದಿಂದ ಕೆಲಸ ಮಾಡುತ್ತದೆ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾದ ಒತ್ತಡ ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳಿಗೆ ಸಮನಾಗಿ ಹರಡುತ್ತದೆ. ಇದೇ ಪಾಸ್ಕಲನ ನಿಯಮ. ದ್ರವವನ್ನು ಅದುಮಿ ಚಿಕ್ಕದು ಮಾಡುವುದು ಬಹಳ ಕಷ್ಟ. ಆದ್ದರಿಂದ ಒತ್ತಿದ ಬಲ ಪೂರ್ತಿ ತಲುಪುತ್ತದೆ.

ಆದರೆ ಬ್ರೇಕ್ ದ್ರವವೂ ತೇವಾಂಶ ಹೀರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯುತ್ತಾ ಹೋದರೆ ಶಾಖಕ್ಕೆ ಆ ನೀರು ಕುದಿದು ಆವಿಯಾಗುತ್ತದೆ. ಆವಿಯನ್ನು ಸುಲಭವಾಗಿ ಅದುಮಬಹುದು. ಆಗ ಪೆಡಲ್ ಮೆತ್ತಗೆ ಒಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ! ಅದಕ್ಕೇ ದ್ರವವನ್ನು ಕಾಲಕಾಲಕ್ಕೆ ಬದಲಿಸಬೇಕು.

ಇನ್ನೊಂದು ತೊಂದರೆ ಉಂಟು. ಆ ಕಾಲದ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದ್ರವದ ಜಾಲ. ಒಂದು ಕೊಳವೆ ಒಡೆದರೆ ನಾಲ್ಕೂ ಬ್ರೇಕು ಹೋದಂತೆ. ಇಂದಿನ ಕಾರುಗಳಲ್ಲಿ ಎರಡು ಪ್ರತ್ಯೇಕ ಜಾಲಗಳಿರುತ್ತವೆ. ಒಂದು ಸೋರಿದರೂ ಇನ್ನೊಂದು ಕೆಲಸ ಮಾಡುತ್ತದೆ. ಹಳೆಯ ಕಾರಿಗೂ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿಸಬಹುದು. ಇದನ್ನು ತಜ್ಞರೇ ಮಾಡಬೇಕು. ಬಿಚ್ಚಿದ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಹೆಸರು ಬರೆದು ಇಡಬೇಕು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಕಾರಿನ ನೋಂದಣಿ ಪತ್ರದಲ್ಲಿರುವ ವಿವರಗಳು ಬದಲಾಗುವಂಥ ಮಾರ್ಪಾಡನ್ನು ಮನಬಂದಂತೆ ಮಾಡುವಂತಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಕಾರು ಮತ್ತು ದ್ವಿಚಕ್ರ ವಾಹನಗಳು ಇದರಲ್ಲಿ ಸೇರುತ್ತವೆ. ಅವುಗಳ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದು ಬರುತ್ತದೆ. ಬಾಡಿ, ಚಾಸಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡಿದ್ದರೆ ಈ ನೋಂದಣಿ ಸಿಗುವುದಿಲ್ಲ. ಆದ್ದರಿಂದ ಯಾವುದೇ ಮಾರ್ಪಾಡಿಗೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ಎಚ್ಚರಿಕೆ!

* ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಪ್ರಾಣವೇ ಹೋಗಬಹುದು.
* ಹಳೆಯ ಬ್ರೇಕ್ ಪಟ್ಟಿಗಳಲ್ಲಿ ಕಲ್ನಾರು ಇರುತ್ತಿತ್ತು. ಆ ಧೂಳನ್ನು ಊದಬಾರದು, ಗುಡಿಸಬಾರದು. ಅದು ಶ್ವಾಸಕೋಶಕ್ಕೆ ಹಾನಿಕರ.
* ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಉಪ್ಪುಕಾಗದದಿಂದ ಉಜ್ಜುವ ಜಾಗದಲ್ಲಿ ಮಕ್ಕಳು ನಿಲ್ಲಬಾರದು.
* ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಯಾರೂ ತೂರಬಾರದು.

ನೀವೇ ಮಾಡಿ ನೋಡಿ

ಚಟುವಟಿಕೆ 1: ಮೂರು ಹೊಸ ಕಬ್ಬಿಣದ ಮೊಳೆ ತೆಗೆದುಕೊಳ್ಳಿ. ಒಂದನ್ನು ಒಣಗಿದ ಡಬ್ಬಿಯಲ್ಲಿಡಿ. ಇನ್ನೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂರನೆಯದಕ್ಕೆ ಎಣ್ಣೆ ಸವರಿ, ಅದನ್ನೂ ಒದ್ದೆ ಬಟ್ಟೆಯಲ್ಲಿಡಿ. ಒಂದು ವಾರ ದಿನವೂ ನೋಡಿ, ಬರೆದುಕೊಳ್ಳಿ. ಆಮೇಲೆ ತುಕ್ಕು ಹಿಡಿದ ಮೊಳೆಯನ್ನು ಹುಣಸೆಹಣ್ಣಿನ ರಸದಲ್ಲಿ ಒಂದು ರಾತ್ರಿ ನೆನೆಸಿ, ತೊಳೆದು ಉಜ್ಜಿ. ಹುಣಸೆಯ ಆಮ್ಲ ತುಕ್ಕನ್ನು ಸಡಿಲಗೊಳಿಸುತ್ತದೆ. ಕೂಡಲೇ ಒರೆಸಿ ಎಣ್ಣೆ ಹಚ್ಚದಿದ್ದರೆ ಏನಾಗುತ್ತದೆ?

ಚಟುವಟಿಕೆ 2: ಸೂಜಿಯಿಲ್ಲದ ಹೊಸ ಸಿರಿಂಜುಗಳನ್ನು ತನ್ನಿ, ಒಂದು ಚಿಕ್ಕದು, ಒಂದು ದೊಡ್ಡದು. ಎರಡನ್ನೂ ತೆಳುವಾದ ಪ್ಲಾಸ್ಟಿಕ್ ಕೊಳವೆಯಿಂದ ಜೋಡಿಸಿ, ಗಾಳಿ ಉಳಿಯದಂತೆ ನೀರು ತುಂಬಿ. ಚಿಕ್ಕದನ್ನು ನೀವು ಒತ್ತಿ, ದೊಡ್ಡದನ್ನು ಗೆಳೆಯ ತಡೆಯಲಿ. ಯಾರಿಗೆ ಸುಲಭ? ಈಗ ಕೊಳವೆಯಲ್ಲಿ ಸ್ವಲ್ಪ ಗಾಳಿ ಸೇರಿಸಿ ಮತ್ತೆ ಒತ್ತಿ. ಬ್ರೇಕ್ ಏಕೆ ಮೆತ್ತಗಾಗುತ್ತದೆ ಎಂಬುದು ನಿಮ್ಮ ಬೆರಳಿಗೇ ಗೊತ್ತಾಗುತ್ತದೆ.

ಯೋಚಿಸಿ, ಚರ್ಚಿಸಿ

1. ಎಂಜಿನ್ ದಂಡ ನಿಮಿಷಕ್ಕೆ 1200 ಸುತ್ತು ತಿರುಗಿದರೆ, ನಾಲ್ಕು ಸಿಲಿಂಡರುಗಳಲ್ಲಿ ಸೆಕೆಂಡಿಗೆ ಎಷ್ಟು ಕಿಡಿ ಬೇಕು?
2. ಕೆಳಗಿನವುಗಳಲ್ಲಿ ಯಾವುದನ್ನು ಉಳಿಸುತ್ತೀರಿ, ಯಾವುದನ್ನು ಬದಲಿಸುತ್ತೀರಿ? ಕಾರಣ ಕೊಡಿ: ಸ್ಟಿಯರಿಂಗ್ ಚಕ್ರ, ಪೆಟ್ರೋಲ್ ಕೊಳವೆ, ಹಾರ್ನ್, ಸವೆದ ಟಯರು.
3. ನಿಮ್ಮ ಮನೆಯಲ್ಲಿ ಹಳೆಯ ಸೈಕಲ್, ಹೊಲಿಗೆ ಯಂತ್ರ ಅಥವಾ ರೇಡಿಯೋ ಇದೆಯೇ? ಅದರ ಒಂದು ಭಾಗಕ್ಕೆ ನಮ್ಮ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರ ಬರೆಯಿರಿ. ಬಿಚ್ಚುವ ಮೊದಲು ಹಿರಿಯರನ್ನು ಕೇಳಿ. ಬಿಚ್ಚಿದ ಕ್ರಮದ ಚಿತ್ರ ಬರೆದಿಟ್ಟುಕೊಂಡರೆ ಮತ್ತೆ ಜೋಡಿಸುವುದು ಸುಲಭ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಎಂಜಿನ್‌ಗಳಿಗೇ ಒಂದು ವಿಭಾಗವಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲೇ ಇದೆ. ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋದಾಗ ಬಣ್ಣದ ಹೊಳಪನ್ನಷ್ಟೇ ನೋಡಬೇಡಿ. ಬಗ್ಗಿ ಚಕ್ರದ ಹಿಂದೆ, ಬಾಗಿಲಿನ ಅಂಚಿನಲ್ಲಿ ನೋಡಿ. ಮುಟ್ಟದೆ ನೋಡಿ, ಪ್ರಶ್ನೆ ಕೇಳಿ, ಕಂಡದ್ದನ್ನು ತರಗತಿಯಲ್ಲಿ ಎಲ್ಲರಿಗೂ ಹೇಳಿ.