ಸೇಫ್ಟಿ ಸ್ಕೂಲಿಗೂ ಬೇಕು ಮನಸ್ಸಿಟ್ಟು ಬರೆದ ಅರ್ಜಿ

ಅಮೆರಿಕದಲ್ಲಿ ಪದವಿ ಓದಲು ಹೊರಟವರು ಸೀಟು ಬಹುತೇಕ ಸಿಕ್ಕೇ ಸಿಗುತ್ತದೆ ಎನಿಸುವ ಒಂದೆರಡು ಕಾಲೇಜುಗಳನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ಇವೇ ಸೇಫ್ಟಿ ಸ್ಕೂಲ್‌ಗಳು. ಅಂಕದ ಧೈರ್ಯದಲ್ಲಿ ಈ ಅರ್ಜಿಗಳನ್ನು ಕೊನೇ ಗಳಿಗೆಯಲ್ಲಿ ತುಂಬುವುದು ಸಾಮಾನ್ಯ. ಆದರೆ ಸೀಟು ಕೊಟ್ಟವರಲ್ಲಿ ಎಷ್ಟು ಮಂದಿ ಬಂದು ಸೇರುತ್ತಾರೆ ಎಂಬ ಲೆಕ್ಕದ ಮೇಲೆಯೇ ಕಾಲೇಜಿನ ಬಜೆಟ್ಟು, ಹಾಸ್ಟೆಲ್ ಎಲ್ಲ ನಿಂತಿರುತ್ತವೆ. ಬರುವ ಲಕ್ಷಣ ಕಾಣದ ಪ್ರತಿಭಾವಂತರನ್ನು ಕೆಲವು ಖಾಸಗಿ ಕಾಲೇಜುಗಳು ವೇಯ್ಟ್‌ಲಿಸ್ಟಿಗೆ ಹಾಕುವುದುಂಟು.

ಮೊದಲು ನೋಡಬೇಕಾದದ್ದು ಖರ್ಚು. ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಶುಲ್ಕ ಕಟ್ಟುವ ಶಕ್ತಿಯನ್ನೂ ಅನೇಕ ಕಾಲೇಜುಗಳು ಪರಿಗಣಿಸುತ್ತವೆ. ಮನೆಯವರ ಕೈಗೆಟುಕದ ಕಾಲೇಜು, ಸೀಟು ಎಷ್ಟೇ ಖಚಿತವಿದ್ದರೂ, ಸೇಫ್ಟಿ ಆಗದು.

ಆಮೇಲೆ ಆ ಕಾಲೇಜು, ತನ್ನಲ್ಲಿಗೆ ಸೇರಲು ವಿದ್ಯಾರ್ಥಿ ತೋರುವ ಆಸಕ್ತಿಯನ್ನು ಗಣನೆಗೆ ತೆಗೆದುಕೊಳ್ಳುತ್ತದೆಯೇ ಎಂದು ತಿಳಿಯಬೇಕು. ಬಹಳಷ್ಟು ಕಾಲೇಜುಗಳು ಪ್ರಕಟಿಸುವ ‘ಕಾಮನ್ ಡೇಟಾ ಸೆಟ್’ನ ಸಿ7 ಕೋಷ್ಟಕದಲ್ಲಿ ಇದಕ್ಕೊಂದು ಸಾಲಿದೆ; ‘ಬಹಳ ಮುಖ್ಯ’ದಿಂದ ‘ಪರಿಗಣಿಸುವುದಿಲ್ಲ’ದವರೆಗೆ ನಾಲ್ಕು ದರ್ಜೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇದನ್ನು ಪರಿಗಣಿಸುವುದಿಲ್ಲ. ಅಂಥ ಕಡೆ ಆಸಕ್ತಿ ತೋರಿಸುವ ಶ್ರಮ ಬೇಕಿಲ್ಲ.

ಗಣಿಸುವ ಕಾಲೇಜಾದರೆ ಅದರ ಮೇಲಿಂಗ್ ಲಿಸ್ಟಿಗೆ ಸೇರಬೇಕು, ಅರ್ಜಿಯಲ್ಲಿ ಕೊಡುವ ಇ-ಮೇಲ್ ವಿಳಾಸದಿಂದಲೇ. ವಿಳಾಸ ಬೇರೆಯಾದರೆ ದಾಖಲೆ ತಾಳೆಯಾಗದೆ ಹೋಗಬಹುದು. ಇಷ್ಟು ದೂರದಿಂದ ಕ್ಯಾಂಪಸ್ ನೋಡಲು ಬರಲಿ ಎಂದು ಯಾರೂ ನಿರೀಕ್ಷಿಸುವುದಿಲ್ಲ. ಆನ್‌ಲೈನ್ ಮಾಹಿತಿ ಸಭೆ ಸಾಕು. ಚಳಿಗಾಲದಲ್ಲಿ ನ್ಯೂಯಾರ್ಕಿನ ಸಂಜೆ 7 ಗಂಟೆಯೆಂದರೆ ನಮ್ಮಲ್ಲಿ ಮರುದಿನ ಬೆಳಗಿನ 5.30. ಕಾಲೇಜಿನ ಪ್ರತಿನಿಧಿಗಳು ಬೆಂಗಳೂರಿಗೆ ಬಂದಾಗ ಭೇಟಿಯಾಗಿ ಹೆಸರು ಬರೆಸುವುದು ಇನ್ನೂ ಒಳ್ಳೆಯದು. ಪ್ರವೇಶ ವಿಭಾಗಕ್ಕೆ ಪತ್ರ ಬರೆಯುವುದಾದರೆ ವಿದ್ಯಾರ್ಥಿಯೇ ಬರೆಯಬೇಕು, ಅಪ್ಪ ಅಮ್ಮ ಅಲ್ಲ. ‘ನಿಮ್ಮಲ್ಲಿ ಕಂಪ್ಯೂಟರ್ ಸೈನ್ಸ್ ಇದೆಯೇ?’ ಎಂದು ಕೇಳಿದರೆ ವೆಬ್‌ಸೈಟನ್ನೂ ನೋಡಿಲ್ಲವೆಂದು ಗೊತ್ತಾಗುತ್ತದೆ. ‘ಮೊದಲ ವರ್ಷದವರಿಗೂ ಪ್ರಾಧ್ಯಾಪಕರ ಲ್ಯಾಬಿನಲ್ಲಿ ಕೆಲಸ ಸಿಗುತ್ತದೆಯೇ?’ ಎಂಬುದು ಕೇಳುವಂಥ ಪ್ರಶ್ನೆ. ವಾರಕ್ಕೊಂದು ಪತ್ರ ಬೇಡ.

ಹೆಚ್ಚು ತೂಕವಿರುವುದು ‘ಈ ಕಾಲೇಜೇ ಏಕೆ’ ಎಂಬ ಪ್ರಬಂಧಕ್ಕೆ. ಕೋಲಾರದ ಕೆರೆಗಳ ಹೂಳಿನ ಬಗ್ಗೆ ಪ್ರಾಜೆಕ್ಟ್ ಮಾಡಿದ ವಿದ್ಯಾರ್ಥಿನಿ ‘ಸುಂದರ ಕ್ಯಾಂಪಸ್, ಹೆಸರಾಂತ ಅಧ್ಯಾಪಕರು’ ಎಂದು ಬರೆದರೆ ಅದು ಯಾವ ಕಾಲೇಜಿಗೂ ಒಪ್ಪುವ ಮಾತು. ಅಲ್ಲಿನ ಅಂತರ್ಜಲದ ಕೋರ್ಸು ಯಾವುದು, ಅದರ ಕ್ಷೇತ್ರಕಾರ್ಯ ಎಲ್ಲಿ, ತನ್ನ ಪ್ರಾಜೆಕ್ಟಿನಲ್ಲಿ ಉತ್ತರ ಸಿಗದೆ ಉಳಿದ ಯಾವ ಪ್ರಶ್ನೆಗೆ ಅದು ನೆರವಾದೀತು ಎಂದು ಬರೆದರೆ, ಬರುವ ಮನಸ್ಸಿದೆಯೆಂದು ಓದುವವರಿಗೆ ನಂಬಿಕೆ ಬರುತ್ತದೆ. ‘ನೀವೇ ನನ್ನ ಮೊದಲ ಆಯ್ಕೆ’ ಎಂದು ಹಲವು ಕಾಲೇಜುಗಳಿಗೆ ಬರೆಯುವುದು ಸುಳ್ಳು. ಯಾವ ಕಾರಣಕ್ಕೂ ಕೂಡದು.

ಅರ್ಲಿ ಆಕ್ಷನ್ ಸೌಲಭ್ಯವಿದ್ದರೆ ನವೆಂಬರ್‌ನಲ್ಲೇ ಅರ್ಜಿ ಹಾಕಬಹುದು. ಸೀಟು ಸಿಕ್ಕರೂ ಸೇರಲೇಬೇಕೆಂಬ ಕಟ್ಟುಪಾಡಿಲ್ಲ. ಅರ್ಲಿ ಡಿಸಿಷನ್‌ನಲ್ಲಿ ಆ ಕಟ್ಟುಪಾಡಿರುವುದರಿಂದ ಸೇಫ್ಟಿಗೆ ಅದು ಸಲ್ಲದು. ಅರ್ಜಿ ಹೋದ ಮೇಲೆ ಪೋರ್ಟಲ್ ನೋಡುತ್ತಿರಬೇಕು, ಸಂದರ್ಶನಕ್ಕೆ ಕರೆದರೆ ಒಪ್ಪಬೇಕು. ಸೇರುವ ನಿರ್ಧಾರ ತಿಳಿಸಲು ಸಾಮಾನ್ಯವಾಗಿ ಮೇ 1 ಕಡೆಯ ದಿನ. ಬೇರೆ ಕಾಲೇಜು ಗೊತ್ತಾಗಿದ್ದರೆ ಅಷ್ಟು ದಿನ ಕಾಯದೆ ಸೀಟು ಬಿಟ್ಟುಕೊಡಬೇಕು. ವೇಯ್ಟ್‌ಲಿಸ್ಟಿನಲ್ಲಿ ಇರುವ ಇನ್ನೊಬ್ಬರಿಗೆ ಅದು ಸಿಕ್ಕೀತು.