ಹಳಿಯೂ ವಿಶ್ರಾಂತಿ ವೇತನವೂ

ವೃತ್ತಪತ್ರಿಕೆಯಲ್ಲಿ ನಗರದ ಸುದ್ದಿಯನ್ನು ಓದುವಾಗ ಹೊಸ ರೈಲುದಾರಿಯ ವಾರ್ತೆಯನ್ನು ನಾವು ಕುತೂಹಲದಿಂದ ಓದುತ್ತೇವೆ. ನೌಕರರ ವಿಶ್ರಾಂತಿ ವೇತನದ ವಾರ್ತೆಯನ್ನು ಹಿರಿಯರ ವಿಷಯವೆಂದು ದಾಟಿಬಿಡುತ್ತೇವೆ. ಪೌರನೀತಿಯ ದೃಷ್ಟಿಯಿಂದ ನೋಡಿದರೆ ಇವೆರಡೂ ಒಂದೇ ಜಾತಿಯ ನಿರ್ಣಯಗಳು. ಇಂದು ಮಾತು ಕೊಟ್ಟು, ಮುಂದೆ ಹಲವು ದಶಕಗಳ ಕಾಲ ಆ ಮಾತಿಗೆ ಹಣ ತೆರುವುದು ಎರಡರ ಲಕ್ಷಣವೂ ಹೌದು. ಮಾತು ಕೊಡುವವರು ಒಂದು ತಲೆಮಾರಿನವರು. ತೆರುವವರು ಮುಂದಿನ ತಲೆಮಾರಿನವರು. ಇಂದಿನ ವಿದ್ಯಾರ್ಥಿಗಳೇ ಆ ಮುಂದಿನ ತಲೆಮಾರಾದುದರಿಂದ ಈ ವಿಷಯವನ್ನು ನಾವು ಈಗಲೇ ಅರಿತುಕೊಳ್ಳುವುದು ಅವಶ್ಯಕ.

ನಮ್ಮ ಹೈದರಾಬಾದಿನ ಮೆಹದಿಪಟ್ಟಣಂ ಈ ಪಾಠಕ್ಕೆ ತಕ್ಕ ಉದಾಹರಣೆ. ಹೈದರಾಬಾದ್ ಸಂಸ್ಥಾನದಲ್ಲಿ ಹಿರಿಯ ಅಧಿಕಾರಿಯಾಗಿದ್ದು, 1960ರಲ್ಲಿ ಗುಜರಾತಿನ ಪ್ರಥಮ ರಾಜ್ಯಪಾಲರಾದ ಮೆಹದಿ ನವಾಜ್ ಜಂಗರ ಹೆಸರು ಈ ಬಡಾವಣೆಗೆ ಬಂದಿದೆಯೆಂದು ಹೇಳುತ್ತಾರೆ. ಇಲ್ಲಿ ಬಸ್ಸಿನ ಡಿಪೋ ಇದೆ, ರೈತು ಬಜಾರಿದೆ. 2009ರಲ್ಲಿ ತೆರೆದ, ಆರಾಂಘರಿನವರೆಗೆ 11.6 ಕಿಲೋಮೀಟರು ಸಾಗುವ ಎತ್ತರದ ರಸ್ತೆಯೂ ಇಲ್ಲಿಂದಲೇ ಹೊರಡುತ್ತದೆ. ಆ ರಸ್ತೆಯನ್ನು ಹೊತ್ತ ಕಂಬಗಳ ಸಂಖ್ಯೆಯನ್ನೇ ಹೇಳಿ ಜನರು ಮನೆಯ ಗುರುತು ಕೊಡುವುದುಂಟು. ಇಷ್ಟೆಲ್ಲ ಇದ್ದರೂ ಮೆಹದಿಪಟ್ಟಣಕ್ಕೆ ರೈಲು ಬಂದಿಲ್ಲ. ಏಕೆ ಬಂದಿಲ್ಲ, ಯಾರನ್ನು ಕೇಳಬೇಕು ಎಂಬ ಪ್ರಶ್ನೆಯಿಂದಲೇ ನಮ್ಮ ಅಭ್ಯಾಸವನ್ನು ಆರಂಭಿಸೋಣ.

ಯಾವುದು ಯಾರ ಅಧಿಕಾರ?

ನಗರದ ಕೆಲಸವೆಲ್ಲವೂ ನಗರಸಭೆಯದೇ ಎಂದು ಸಾಮಾನ್ಯರು ಭಾವಿಸುವರು. ನಮ್ಮ ಸಂವಿಧಾನದ ಏರ್ಪಾಡು ಬೇರೆಯಾಗಿದೆ. ಏಳನೆಯ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಉಭಯರ ಪಟ್ಟಿ ಎಂದು ಮೂರು ಪಟ್ಟಿಗಳಿವೆ. ರೈಲ್ವೆ ಕೇಂದ್ರದ ಪಟ್ಟಿಯಲ್ಲಿದೆ. ರಾಜ್ಯದ ಪಟ್ಟಿಯ 13ನೆಯ ವಿಷಯದಲ್ಲಿ ರಸ್ತೆ, ಸೇತುವೆ, ಹಾಯುದೋಣಿಗಳ ಜೊತೆಗೆ ಪುರಸಭೆಯ ಟ್ರಾಮ್ ದಾರಿಗಳೂ ಸೇರಿವೆ. ವಿಶ್ರಾಂತಿ ವೇತನವೂ ಹೀಗೆಯೇ ಹಂಚಿಹೋಗಿದೆ: ಕೇಂದ್ರದ ನೌಕರರದು ಕೇಂದ್ರದ ಪಟ್ಟಿಯಲ್ಲಿ, ರಾಜ್ಯದ ಬೊಕ್ಕಸದಿಂದ ಸಲ್ಲುವುದು ರಾಜ್ಯದ ಪಟ್ಟಿಯಲ್ಲಿ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಸಭೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನ ನೀಡಿತು. ಅವುಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಕಾಣಬಹುದು. ಅದರಲ್ಲಿ ನಗರ ಯೋಜನೆ ಇದೆ, ರಸ್ತೆ ಸೇತುವೆಗಳಿವೆ, ಬೀದಿಯ ದೀಪ ಮತ್ತು ಬಸ್ ನಿಲ್ದಾಣಗಳೂ ಇವೆ. ರೈಲಿನ ಹೆಸರು ಮಾತ್ರ ಇಲ್ಲ. ಬಸ್ಸು ಎಲ್ಲಿ ನಿಲ್ಲಬೇಕೆಂಬುದು ನಗರಸಭೆಯ ಚರ್ಚೆಗೆ ಬರಬಹುದು. ರೈಲು ಎಲ್ಲಿ ನಿಲ್ಲಬೇಕೆಂಬುದು ಸಾಮಾನ್ಯವಾಗಿ ಮೇಲಿನವರ ನಿರ್ಣಯ.

ಭಾರತದಲ್ಲಿ ನಗರಸಭೆಯೇ ಹಳಿಯ ಒಡೆತನ ವಹಿಸಿದ್ದ ಕಾಲವೂ ಇತ್ತು. ಮುಂಬಯಿಯ ಮಹಾನಗರ ಪಾಲಿಕೆಯು 1947ರಲ್ಲಿ ಆ ನಗರದ ಟ್ರಾಮು, ಬಸ್ಸು ಮತ್ತು ವಿದ್ಯುತ್ತಿನ ಕಂಪನಿಯನ್ನು ಕೊಂಡು ತಾನೇ ನಡೆಸಿತು. ಟ್ರಾಮುಗಳು 1964ರವರೆಗೆ ಓಡಿದುವು. ಹಳಿ, ಗಾಡಿ, ಗಾಡಿ ನಡೆಸುವವನ ಸಂಬಳ, ಅವನ ನಿವೃತ್ತಿಯ ಹಣ ಇವೆಲ್ಲವೂ ಅಲ್ಲಿ ಒಂದೇ ಉದ್ಯಮದ ಲೆಕ್ಕವಾಗಿದ್ದುವು.

ಹೈದರಾಬಾದಿನ ಮೊದಲ ರೈಲು ಚರ್ಚೆ

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿ ತೆರೆಯಿತು. ವಾಡಿ ಇಂದು ಕರ್ನಾಟಕದ ಕಲಬುರಗಿ ಜಿಲ್ಲೆಯಲ್ಲಿದೆ. ಕಲಬುರಗಿಯ ಕಡೆಯಿಂದ ಈ ನಗರಕ್ಕೆ ಬಂದು ನೆಲೆಸಿದ ಕನ್ನಡಿಗರಿಗೆ ಈ ದಾರಿ ತವರಿನ ದಾರಿಯೇ ಆಗಿದೆ. ಅಂದು ದಿವಾನರಾಗಿದ್ದವರು ಮೊದಲನೆಯ ಸಾಲಾರ್ ಜಂಗ್.

ಅವರು 1883ರಲ್ಲಿ ತೀರಿಕೊಂಡರು. ಅದೇ ವರ್ಷ ರೈಲನ್ನು ಚಾಂದಾ ಪ್ರಾಂತದವರೆಗೆ ಬೆಳೆಸುವ ಯೋಜನೆಯೊಂದು ಮುಂದೆ ಬಂದಿತು. ಬಂಡವಾಳ ಲಂಡನ್ನಿನಿಂದ ಬರುವುದು; ಅದರ ಬಡ್ಡಿಗೆ ಸಂಸ್ಥಾನದ ಬೊಕ್ಕಸ ಹೊಣೆ. ಆಗ ನಗರದ ಕೆಲವು ವಿದ್ಯಾವಂತರು ಕೂಡಿ, ಕರಾರಿನ ವಿವರಗಳನ್ನು ಪ್ರಜೆಗಳ ಮುಂದಿಡಬೇಕು, ಆಲೋಚಿಸಲು ಕಾಲಾವಕಾಶ ಕೊಡಬೇಕು ಎಂದು ಕೇಳಿದರು. ಅವರಲ್ಲಿ ಪ್ರಮುಖರು ಡಾ. ಅಘೋರನಾಥ ಚಟ್ಟೋಪಾಧ್ಯಾಯರು. ಇವರು ಹೈದರಾಬಾದ್ ಕಾಲೇಜಿನ ಪ್ರಾಂಶುಪಾಲರು, ಸರೋಜಿನೀ ನಾಯಿಡು ಅವರ ತಂದೆ. ಮುಲ್ಲಾ ಅಬ್ದುಲ್ ಖಯ್ಯೂಮ್ ಅವರೂ ಜೊತೆಗಿದ್ದರು. ಸರ್ಕಾರವು ಉತ್ತರ ಕೊಡುವುದರ ಬದಲಾಗಿ ಅಘೋರನಾಥರನ್ನು ಕೆಲಸದಿಂದ ತಡೆಹಿಡಿದು ಸಂಸ್ಥಾನದಿಂದ ಹೊರಗೆ ಕಳುಹಿಸಿತು. ಕೆಲಕಾಲದ ಮೇಲೆ ಅವರಿಗೆ ಹಿಂದಿರುಗಲು ಅನುಮತಿ ದೊರೆಯಿತು.

ನಿಜಾಮರ ಖಾತರಿಯ ಸರ್ಕಾರೀ ರೈಲ್ವೆ ಎಂಬ ಕಂಪನಿ ಹೀಗೆ ಹುಟ್ಟಿತು. ಹೆಸರಿನಲ್ಲಿರುವ 'ಖಾತರಿ' ಎಂಬ ಮಾತಿನ ಅರ್ಥವನ್ನು ಗಮನಿಸಬೇಕು: ಹೂಡಿದ ಬಂಡವಾಳಕ್ಕೆ 20 ವರ್ಷಗಳವರೆಗೆ ಶೇಕಡಾ 5ರಂತೆ ಬಡ್ಡಿಯನ್ನು ಸಂಸ್ಥಾನವು ತುಂಬಿಕೊಡುವುದು. ರೈಲಿಗೆ ಲಾಭ ಬರಲಿ, ಬಾರದಿರಲಿ, ಹೂಡಿದವರಿಗೆ ನಷ್ಟವಿಲ್ಲ. ನಷ್ಟದ ಭಾರವನ್ನು ಹೊರಬೇಕಾದವರು ಕಂದಾಯ ತೆರುವ ರೈತರು. ಅಘೋರನಾಥರ ಪ್ರಶ್ನೆಯ ತಿರುಳು ಇದೇ ಆಗಿತ್ತು. ರೈಲು ಬೇಡವೆಂಬುದು ಅವರ ವಾದವಾಗಿರಲಿಲ್ಲ. ಹಣ ತೆರುವವನಿಗೆ ಕರಾರನ್ನು ಓದುವ ಹಕ್ಕಿದೆಯೆಂಬುದು ಅವರ ವಾದವಾಗಿತ್ತು.

1930ರಲ್ಲಿ ನಿಜಾಮರ ಸರ್ಕಾರ ಈ ರೈಲ್ವೆಯನ್ನು ತಾನೇ ಕೊಂಡಿತು. 1932ರಲ್ಲಿ ಅದೇ ರೈಲ್ವೆಯ ಒಂದು ಶಾಖೆಯಾಗಿ 27 ಬಸ್ಸುಗಳೂ 166 ಮಂದಿ ನೌಕರರೂ ಇದ್ದ ರಸ್ತೆ ಸಾರಿಗೆ ವಿಭಾಗ ಆರಂಭವಾಯಿತು. ಇಂದಿನ ಸಾರಿಗೆ ಸಂಸ್ಥೆಯ ಮೂಲ ಅದು. ಮೆಹದಿಪಟ್ಟಣಕ್ಕೆ ರೈಲು ಬಾರದಿದ್ದರೂ ರೈಲಿನ ಮಗುವಾದ ಬಸ್ಸು ಬಂದಿತೆಂದು ನಾವು ಹೇಳಬಹುದು.

ಮೆಹದಿಪಟ್ಟಣವೂ ಮೆಟ್ರೋ ರೈಲೂ

ಸ್ವಾತಂತ್ರ್ಯಾನಂತರ ನಗರ ಬೆಳೆಯಿತು. 1960ರಲ್ಲಿ ಸಿಕಂದರಾಬಾದಿನ ಪಾಲಿಕೆ ಹೈದರಾಬಾದಿನದರೊಡನೆ ಕೂಡಿತು. 2003ರ ಆಗಸ್ಟಿನಲ್ಲಿ ಹಳೆಯ ಹಳಿಗಳ ಮೇಲೆಯೇ ಎಂ.ಎಂ.ಟಿ.ಎಸ್. ಎಂಬ ನಗರ ರೈಲು ಆರಂಭವಾಯಿತು. ಅದರ ಮೊದಲ ಹಂತದ ವೆಚ್ಚವನ್ನು ರೈಲ್ವೆಯೂ ರಾಜ್ಯವೂ ಸಮನಾಗಿ ಹಂಚಿಕೊಂಡುವು. ಹಳಿ ಇರುವೆಡೆಯಲ್ಲಿ ಮಾತ್ರ ಅದು ಓಡುವುದರಿಂದ ಮೆಹದಿಪಟ್ಟಣ ಹೊರಗುಳಿಯಿತು.

ಮೆಟ್ರೋ ರೈಲಿಗಾಗಿ ಅವಿಭಕ್ತ ಆಂಧ್ರಪ್ರದೇಶವು 2008ರಲ್ಲಿ ಪುರಸಭಾ ಟ್ರಾಮ್ ದಾರಿಗಳ ಕಾಯಿದೆಯೊಂದನ್ನು ಮಾಡಿತು. ರಾಜ್ಯದ ಪಟ್ಟಿಯ 13ನೆಯ ವಿಷಯ ಇಲ್ಲಿ ಉಪಯೋಗಕ್ಕೆ ಬಂದುದನ್ನು ವಿದ್ಯಾರ್ಥಿಗಳು ನೆನೆಯಬೇಕು. ಕಾಯಿದೆಯ ಹೆಸರಿನಲ್ಲಿ ಪುರಸಭೆ ಇದ್ದರೂ ಯೋಜನೆಯನ್ನು ನಿರ್ಧರಿಸಿದುದು ರಾಜ್ಯ ಸರ್ಕಾರ. 2010ರ ಸೆಪ್ಟೆಂಬರಿನಲ್ಲಿ ಎಲ್ ಅಂಡ್ ಟಿ ಕಂಪನಿಯೊಡನೆ 35 ವರ್ಷಗಳ ಕರಾರಾಯಿತು. ಮೊದಲ ಗಾಡಿ 2017ರ ನವೆಂಬರಿನಲ್ಲಿ ಓಡಿತು. 2020ರ ಫೆಬ್ರವರಿಯ ವೇಳೆಗೆ ಸುಮಾರು 69 ಕಿಲೋಮೀಟರು ಪೂರ್ಣವಾಯಿತು. ಮೂರು ಮಾರ್ಗಗಳಲ್ಲಿ ಒಂದೂ ಮೆಹದಿಪಟ್ಟಣವನ್ನು ಮುಟ್ಟಲಿಲ್ಲ.

2022ರಲ್ಲಿ ರಾಜ್ಯವು ಕೇಂದ್ರಕ್ಕೆ ಕಳುಹಿಸಿದ ಯೋಜನೆಯಲ್ಲಿ ಬಿ.ಎಚ್.ಇ.ಎಲ್.ನಿಂದ ಲಕಡೀಕಾಪೂಲಿನವರೆಗೆ 26 ಕಿಲೋಮೀಟರಿನ ಮಾರ್ಗವಿತ್ತು. ಅದು ಮೆಹದಿಪಟ್ಟಣದ ಮೂಲಕ ಹಾಯುವಂತಿತ್ತು. ಸರ್ಕಾರ ಬದಲಾದ ಮೇಲೆ 2024ರಲ್ಲಿ ಸಿದ್ಧವಾದ ಎರಡನೆಯ ಹಂತದ ಯೋಜನೆಯಲ್ಲಿ ಐದು ಮಾರ್ಗಗಳು, 76.4 ಕಿಲೋಮೀಟರು, 24,269 ಕೋಟಿ ರೂಪಾಯಿಯ ಅಂದಾಜು ಇದ್ದುವು. ಆ ಐದರಲ್ಲಿ ಮೆಹದಿಪಟ್ಟಣದ ಮಾರ್ಗ ಸೇರಿರಲಿಲ್ಲ. ನಕ್ಷೆಯ ಮೇಲೆ ಎಳೆದ ಗೆರೆ ಹಳಿಯಲ್ಲವೆಂಬ ಪಾಠವನ್ನು ಇಲ್ಲಿಯ ನಿವಾಸಿಗಳು ಎರಡು ವರ್ಷಗಳ ಅಂತರದಲ್ಲಿ ಕಲಿತರು.

2025ರ ಸೆಪ್ಟೆಂಬರಿನಲ್ಲಿ ಇನ್ನೊಂದು ಮುಖ್ಯ ಸಂಗತಿ ನಡೆಯಿತು. ಮೊದಲ ಹಂತವನ್ನು ರಾಜ್ಯವೇ ವಹಿಸಿಕೊಳ್ಳುವುದೆಂದು ಸರ್ಕಾರವೂ ಕಂಪನಿಯೂ ತಾತ್ತ್ವಿಕವಾಗಿ ಒಪ್ಪಿಕೊಂಡುವು. ಸುಮಾರು 13,000 ಕೋಟಿ ರೂಪಾಯಿಯ ಸಾಲವನ್ನು ಸರ್ಕಾರ ಹೊರುವುದು ಆ ಒಪ್ಪಂದದ ಒಂದು ಭಾಗವಾಗಿತ್ತು. 35 ವರ್ಷಗಳ ಕರಾರು 15 ವರ್ಷಗಳಲ್ಲಿಯೇ ರೂಪ ಬದಲಿಸಿತು. 1883ರ ಪ್ರಶ್ನೆ ಹಳೆಯದಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವಿಶ್ರಾಂತಿ ವೇತನವೆಂದರೇನು?

ದುಡಿಯುವ ಕಾಲದಲ್ಲಿ ಗಳಿಸಿ, ದುಡಿಯಲಾರದ ಕಾಲದಲ್ಲಿ ಪಡೆಯುವ ಸಂಬಳವೇ ವಿಶ್ರಾಂತಿ ವೇತನ. ಹಿಂದೆ ಇದನ್ನು ಒಡೆಯನ ಕೃಪೆಯೆಂದು ಎಣಿಸುತ್ತಿದ್ದರು. 1982ರ ಡಿಸೆಂಬರ್ 17ರಂದು ನಾಕರಾ ಎಂಬವರ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಇದು ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ದೊರೆಯುವ ಹಕ್ಕು ಎಂದು ತೀರ್ಪಿತ್ತಿತು. ಆ ದಿನವನ್ನು ನಿವೃತ್ತ ನೌಕರರು ಇಂದಿಗೂ ತಮ್ಮ ದಿನವಾಗಿ ಆಚರಿಸುತ್ತಾರೆ.

ರೈಲಿನ ನೌಕರರಿಗೆ ಮೊದಲು ಇದ್ದುದು ಭವಿಷ್ಯ ನಿಧಿ. ನಿವೃತ್ತಿಯಾದಾಗ ಒಂದು ಗಂಟಾಗಿ ಹಣ ಬರುತ್ತಿತ್ತು. 1957ರ ನವೆಂಬರ್ 16ರಿಂದ ತಿಂಗಳು ತಿಂಗಳಿಗೆ ಬರುವ ವಿಶ್ರಾಂತಿ ವೇತನದ ಪದ್ಧತಿ ರೈಲ್ವೆಯಲ್ಲಿ ಆರಂಭವಾಯಿತು. ಗಂಟು ಕರಗಬಹುದು, ತಿಂಗಳ ವೇತನ ಬದುಕಿರುವವರೆಗೆ ಬರುವುದು; ಇದೇ ಎರಡಕ್ಕೂ ಇರುವ ಭೇದ.

2004ರಲ್ಲಿ ಪದ್ಧತಿ ಮತ್ತೆ ಬದಲಾಯಿತು. ಕೇಂದ್ರದಲ್ಲಿ ಆ ವರ್ಷದ ಜನವರಿ 1ರಿಂದ, ಅವಿಭಕ್ತ ಆಂಧ್ರಪ್ರದೇಶದಲ್ಲಿ ಸೆಪ್ಟೆಂಬರ್ 1ರಿಂದ ಸೇವೆಗೆ ಸೇರಿದವರಿಗೆ ವಂತಿಗೆಯ ಪದ್ಧತಿ ಬಂದಿತು. ಕರ್ನಾಟಕದಲ್ಲಿ ಇದು 2006ರ ಏಪ್ರಿಲ್ 1ರಿಂದ ಬಂದಿತು. ನೌಕರನೂ ಸರ್ಕಾರವೂ ಪ್ರತಿ ತಿಂಗಳು ಹಣ ಕಟ್ಟುವರು; ಅದು ಮಾರುಕಟ್ಟೆಯಲ್ಲಿ ಬೆಳೆದಷ್ಟು ಮುಂದೆ ದೊರೆಯುವುದು. ಇಷ್ಟೇ ಬರುವುದೆಂಬ ಮಾತು ಅದರಲ್ಲಿಲ್ಲ. ಕೇಂದ್ರ ಸರ್ಕಾರವು 2025ರ ಏಪ್ರಿಲ್ 1ರಿಂದ ಮತ್ತೊಂದು ಪದ್ಧತಿಯನ್ನು ತಂದು, 25 ವರ್ಷ ದುಡಿದವರಿಗೆ ಕೊನೆಯ ವರ್ಷದ ಮೂಲವೇತನದ ಸರಾಸರಿಯಲ್ಲಿ ಅರ್ಧವನ್ನು ಕೊಡುವ ಮಾತನ್ನು ಸೇರಿಸಿತು.

ಇವೆಲ್ಲ ಕಾಯಂ ನೌಕರರ ಸಂಗತಿ. ಬೆಳಗಿನ ಜಾವದಲ್ಲಿ ನಗರದ ಬೀದಿ ಗುಡಿಸುವವರಲ್ಲಿ ಅನೇಕರು ಹೊರಗುತ್ತಿಗೆಯವರು. ಅವರಿಗೆ ಇರುವುದು 1995ರ ನೌಕರರ ಪಿಂಚಣಿ ಯೋಜನೆ. ಅದರ ಲೆಕ್ಕವನ್ನು ಗಣಿತದ ತರಗತಿಯಲ್ಲಿ ಮಾಡಿದಂತೆ ಮಾಡಿ ನೋಡೋಣ. ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರಲ್ಲಿ ನಿಗದಿಯಾದ ವೇತನದ ಮಿತಿ 15,000 ರೂಪಾಯಿ. ಒಬ್ಬರು ಆ ಮಿತಿಯಲ್ಲಿ 30 ವರ್ಷ ದುಡಿದರೆಂದು ಎಣಿಸೋಣ. 20 ವರ್ಷ ಮುಗಿಸಿದವರಿಗೆ ಇನ್ನೂ 2 ವರ್ಷಗಳನ್ನು ಸೇರಿಸುವರು, ಒಟ್ಟು 32. ಉತ್ತರ ತಿಂಗಳಿಗೆ ಸುಮಾರು 6,857 ರೂಪಾಯಿ. ನಮ್ಮ ಮನೆಯ ಒಂದು ತಿಂಗಳ ಬಾಡಿಗೆ, ದಿನಸಿ, ಔಷಧಗಳ ವೆಚ್ಚವನ್ನು ಇದರ ಪಕ್ಕದಲ್ಲಿ ಬರೆದುಕೊಂಡರೆ ಈ ಅಂಕೆಯ ಅರ್ಥ ತಾನಾಗಿ ತಿಳಿಯುವುದು.

ಎರಡರ ಲೆಕ್ಕ ಒಂದೇ

ಆಯವ್ಯಯದಲ್ಲಿ ಎರಡು ಬಗೆಯ ವೆಚ್ಚಗಳಿವೆ. ಸೇತುವೆ, ಹಳಿ, ಕಟ್ಟಡಗಳಿಗೆ ಮಾಡುವುದು ಬಂಡವಾಳ ವೆಚ್ಚ. ಸಂಬಳ, ವಿಶ್ರಾಂತಿ ವೇತನ, ಬಡ್ಡಿಗಳಿಗೆ ಮಾಡುವುದು ರಾಜಸ್ವ ವೆಚ್ಚ. ಮೊದಲನೆಯದಕ್ಕೆ ಶಂಕುಸ್ಥಾಪನೆ ಇದೆ, ಎರಡನೆಯದಕ್ಕೆ ಇಲ್ಲ. ಆದುದರಿಂದ ಮೊದಲನೆಯದನ್ನು ಹಿಗ್ಗಿಸಿ ಎರಡನೆಯದನ್ನು ಕುಗ್ಗಿಸುವ ಆಸೆ ಯಾವ ಸಭೆಗಾದರೂ ಹುಟ್ಟುವುದು ಸಹಜ. ಆದರೆ ಕಟ್ಟಿದ ಹಳಿಯನ್ನು ಕಾಯುವವನೂ ಗಾಡಿ ನಡೆಸುವವನೂ ನಿಲ್ದಾಣವನ್ನು ಗುಡಿಸುವವಳೂ ಎರಡನೆಯ ಲೆಕ್ಕದಲ್ಲಿಯೇ ಇರುವರು.

ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆಯ ಒಂದು ನಿದರ್ಶನವನ್ನು ನೋಡೋಣ. ರಸ್ತೆ ಸೇತುವೆಗಳಿಗಾಗಿ ಪಾಲಿಕೆಯು 2018ರ ಫೆಬ್ರವರಿಯಲ್ಲಿ ಶೇಕಡಾ 8.90ರ ಬಡ್ಡಿಯಂತೆ, 10 ವರ್ಷದ ಅವಧಿಗೆ 200 ಕೋಟಿ ರೂಪಾಯಿಯ ಸಾಲಪತ್ರಗಳನ್ನು ಹೊರಡಿಸಿತು. ವರ್ಷಕ್ಕೆ ಬಡ್ಡಿಯೇ 17 ಕೋಟಿ 80 ಲಕ್ಷ. ಆಗ ಇದ್ದುದು 2016ರಲ್ಲಿ ಚುನಾಯಿತವಾದ ಸಭೆ. 2020ರಲ್ಲಿ ಚುನಾಯಿತವಾದ ಸಭೆಗೆ ಆ ಬಡ್ಡಿಯ ಭಾರ ಬಂದಿತು. ಇದರಲ್ಲಿ ತಪ್ಪೇನೂ ಇಲ್ಲ. ಸೇತುವೆಯ ಮೇಲೆ ಮುಂದಿನವರೂ ನಡೆಯುವರು. ನೌಕರನ ವಿಷಯದಲ್ಲಿ ಅವಧಿ ಇನ್ನೂ ದೀರ್ಘ. 22ನೆಯ ವಯಸ್ಸಿನಲ್ಲಿ ಸೇರಿ 61ಕ್ಕೆ ನಿವೃತ್ತನಾಗಿ 80ರವರೆಗೆ ಬಾಳಿದರೆ ಅವನಿಗೆ ಕೊಟ್ಟ ಮಾತು 58 ವರ್ಷ ನಡೆಯಬೇಕು. ಐದು ವರ್ಷದ ಸಭೆಗಳು ಹನ್ನೊಂದಕ್ಕಿಂತ ಹೆಚ್ಚು ಬಾರಿ ಬದಲಾಗುವಷ್ಟು ಕಾಲವದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳುವರು. ನಗರದ ಹಾಸಿಗೆಯ ಅಳತೆ ತಿಳಿಯಬೇಕಾದರೆ ಲೆಕ್ಕ ಬಹಿರಂಗವಾಗಿರಬೇಕು. ಹೊಸ ಹಳಿಯ ಯೋಜನೆ ಬಂದಾಗ ಅದರ ಜೊತೆಯಲ್ಲಿಯೇ ಅದನ್ನು ನಡೆಸುವ ನೌಕರರ ವೃದ್ಧಾಪ್ಯದ ಲೆಕ್ಕವೂ ಬರೆದಿರಬೇಕು. ಅದಿಲ್ಲದ ಅಂದಾಜು ಪೂರ್ಣವಾದ ಅಂದಾಜಲ್ಲ. ಮೆಹದಿಪಟ್ಟಣಕ್ಕೆ ಒಂದು ದಿನ ರೈಲು ಬರಲಿ ಎಂದು ನಾವೂ ಹಾರೈಸುತ್ತೇವೆ. ಅದು ಬಂದ ದಿನ, ಅಲ್ಲಿ ಬಸ್ಸು ನಡೆಸಿ ನಿವೃತ್ತರಾದ ಮುದುಕರೊಬ್ಬರು ತಮ್ಮ ವೇತನದಿಂದಲೇ ಟಿಕೆಟು ಕೊಂಡು ಅದರಲ್ಲಿ ಕುಳಿತುಕೊಳ್ಳುವಂತಿದ್ದರೆ ಆಗ ಎರಡು ಮಾತುಗಳೂ ನಡೆದಂತಾಗುವುದು.

ಅಭ್ಯಾಸ

1. ನಿಮ್ಮ ಬಡಾವಣೆಯ ರಸ್ತೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಇವು ಯಾರ ಯಾರ ಅಧಿಕಾರಕ್ಕೆ ಸೇರಿವೆ? ಕಾರಣ ಸಹಿತ ಬರೆಯಿರಿ.
2. 1883ರಲ್ಲಿ ಅಘೋರನಾಥರು ಕೇಳಿದ ಪ್ರಶ್ನೆಯನ್ನು ಇಂದಿನ ಯಾವುದಾದರೊಂದು ಯೋಜನೆಗೆ ಹೊಂದಿಸಿ ಕೇಳಿರಿ.
3. ವೇತನ 12,000 ರೂಪಾಯಿ, ಸೇವೆ 25 ವರ್ಷ. ಮೇಲೆ ಹೇಳಿದ ಸೂತ್ರದಿಂದ ತಿಂಗಳ ಪಿಂಚಣಿಯನ್ನು ಕಂಡುಹಿಡಿಯಿರಿ.
4. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ನಿವೃತ್ತರಾದ ಹಿರಿಯರಿದ್ದರೆ, ಅವರಿಗೆ ದೊರೆತುದು ಗಂಟೋ ತಿಂಗಳ ವೇತನವೋ ಎಂಬುದನ್ನು ವಿನಯದಿಂದ ಕೇಳಿ ತಿಳಿದುಕೊಳ್ಳಿರಿ.